ಹಳೇ ಪಿಎಚ್ ಟೇಬಲ್ ಲ್ಯಾಂಪಿನ ಹಿತ್ತಾಳೆ ತಿಕ್ಕಬಹುದಾ?

ಕೋಪನ್‌ಹೇಗನ್ನಿನ ಹಳೇ ಸಾಮಾನಿನ ಸಂತೆಯಲ್ಲಿ ಮೂರು ಬಿಳಿ ಗಾಜಿನ ಶೇಡು ಇರುವ ಹಿತ್ತಾಳೆಯ ಟೇಬಲ್ ಲ್ಯಾಂಪ್ ಸಿಕ್ಕಿದೆ, ಪಿಎಚ್ 3/2 ಅಂತ ಮಾರಿದವರು ಹೇಳಿದರು (ಪಿಎಚ್ ಅಂದರೆ ಇದನ್ನು ರೂಪಿಸಿದ ಡೆನ್ಮಾರ್ಕಿನ ವಿನ್ಯಾಸಕಾರ ಪೌಲ್ ಹೆನ್ನಿಂಗ್ಸನ್), ಇದು ಅಸಲಿಯಾ, ಬೆಂಗಳೂರಿಗೆ ತರುವ ಮೊದಲು ಹುಣಸೆಹಣ್ಣು ಹಾಕಿ ತಿಕ್ಕಲಾ ಅಂತ ಕೇಳಿದ್ದೀರಿ.

ದಯವಿಟ್ಟು ತಿಕ್ಕಬೇಡಿ. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಗಳನ್ನೆಲ್ಲ ತಿಕ್ಕಿ ತೊಳೆದು ಇಡುತ್ತೇವೆ, ಆ ಅಭ್ಯಾಸಕ್ಕೆ ಕೈ ತಾನಾಗಿ ಹೋಗುತ್ತದೆ. ಆದರೆ 1920ರ ದಶಕದ ಕೊನೆಯಲ್ಲಿ ಮತ್ತು 30ರ ದಶಕದಲ್ಲಿ ಬಂದ ಎಷ್ಟೋ ಪಿಎಚ್ ಲ್ಯಾಂಪುಗಳ ಹಿತ್ತಾಳೆಗೆ ಕಾರ್ಖಾನೆಯಲ್ಲೇ ಕಂದು ಬಣ್ಣ ಬರಿಸುತ್ತಿದ್ದರು. ಒಮ್ಮೆ ತಿಕ್ಕಿದರೆ ಅದು ಹೋಯಿತು, ವಾಪಸ್ ಬರಲ್ಲ. ನಾನು ಕೊಂಡ ಲ್ಯಾಂಪನ್ನು ಹಿಂದೆ ಇಟ್ಟುಕೊಂಡಿದ್ದ ಯಾರೋ ಚೆನ್ನಾಗಿ ತಿಕ್ಕಿಬಿಟ್ಟಿದ್ದರು. ಕಂಬ ಪಳಪಳ ಅನ್ನುತ್ತದೆ, ಶೇಡು ಹಿಡಿದಿರುವ ಮೂರು ಕೈಗಳ ಸಂದಿಯಲ್ಲಿ ಮಾತ್ರ ಹಳೇ ಕಂದು ಉಳಿದಿದೆ. ನೋಡಿದಾಗೆಲ್ಲ ಸಂಕಟ ಆಗುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಸಾಕು.

ಅಸಲಿಯಾ ಅನ್ನೋದಕ್ಕೆ ಹೋಲ್ಡರ್ ಹತ್ತಿರ ನೋಡಿ. ಹಳೆಯವುಗಳಲ್ಲಿ ‘ಪ್ಯಾಟೆಂಟೆಡ್’ ಅಂತ ಒತ್ತಿರುತ್ತಾರೆ, ತೀರಾ ಮೊದಲಿನವುಗಳಲ್ಲಿ ‘ಪ್ಯಾಟ್. ಅಪ್ಲ್.’ ಅಂತ, ಅಂದರೆ ಪೇಟೆಂಟಿಗೆ ಅರ್ಜಿ ಹಾಕಿದೆ ಅಂತ. ಅಷ್ಟನ್ನೇ ನಂಬಬೇಡಿ. ಶೇಡಿನ ಒಳಮೈ ಮುಟ್ಟಿ ನೋಡಿ. ಹೊರಗಡೆ ನುಣುಪಾಗಿ ಹೊಳೆಯಬೇಕು, ಒಳಗಡೆ ಹೊಳಪಿಲ್ಲದೆ ಸ್ವಲ್ಪ ತರಿತರಿಯಾಗಿರಬೇಕು. ಗಾಜು ಒಡೆಯೋದು ಸಹಜ, ಹಾಗಾಗಿ ಹಳೇ ಕಂಬಕ್ಕೆ ಆಮೇಲಿನ ಶೇಡು ಕೂರಿಸಿರುವುದು ಜಾಸ್ತಿ. ಅಂಚಿನಲ್ಲಿ ಚೂರು ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ. ಅಂದಹಾಗೆ 3/2 ಅಂದರೆ ಮೇಲಿನ ಶೇಡು 3ನೇ ಅಳತೆಯದು, ಅಂದ್ರೆ ಸುಮಾರು 30 ಸೆಂ.ಮೀ. ಅಗಲ. ಕೆಳಗಿನ ಎರಡು 2ನೇ ಅಳತೆಯ ಲ್ಯಾಂಪಿನವು. ಲೂಯಿ ಪೌಲ್ಸೆನ್ ಕಂಪನಿ ಇದನ್ನು ಈಗಲೂ ಮಾಡುತ್ತದೆ, ನಕಲುಗಳೂ ಬೇಕಾದಷ್ಟಿವೆ.

ಇಷ್ಟಾದ ಮೇಲೆ ಒಂದು ಸಂಜೆ ಲ್ಯಾಂಪ್ ಹಚ್ಚಿ ಪಕ್ಕದಲ್ಲಿ ಸುಮ್ನೆ ಕೂತು ನೋಡಿ, ಯಾಕೆಂದರೆ ನನ್ನ ಪ್ರಕಾರ ಇದರ ಬೆಲೆ ಇರೋದು ಅಲ್ಲಿ. ಪೌಲ್ ಹೆನ್ನಿಂಗ್ಸನ್ ಹುಟ್ಟಿದ್ದು 1894ರಲ್ಲಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬೆಳೆದವರು. ಆಮೇಲೆ ಬಂದ ಬರಿ ಬಲ್ಬಿನ ಕಣ್ಣು ಕುಕ್ಕುವ ಬೆಳಕು ಅವರಿಗೆ ಸರಿ ಬರಲಿಲ್ಲ. ವರ್ಷಗಟ್ಟಲೆ ಲೆಕ್ಕ ಹಾಕಿ, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತ ಅಗಲವಾಗುವ ಗೆರೆಯಿಂದ ಶೇಡುಗಳ ಬಾಗು ತೆಗೆದು, ಬಲ್ಬನ್ನು ಆ ಸುತ್ತಿನ ನಡುವೆ ಇಟ್ಟರು. 1926ರ ಹೊತ್ತಿಗೆ ಮೂರು ಶೇಡಿನ ಲ್ಯಾಂಪ್ ಸಿದ್ಧವಾಯಿತು. ಮೇಜಿನ ಮುಂದೆ ಕೂತಾಗ ಬಲ್ಬು ಕಾಣಲೇಬಾರದು, ಬೆಳಕು ಮಾತ್ರ ಪುಸ್ತಕದ ಮೇಲೆ ಬೀಳಬೇಕು, ಗಾಜಿನಿಂದ ಸೋರಿದ್ದು ಕೋಣೆಗೆ ಸಾಕು.

ಅದಕ್ಕೇ ಬಲ್ಬಿನ ಉದ್ದ ಮುಖ್ಯ. ಉದ್ದದ ಬಲ್ಬು ಹಾಕಿದರೆ ತುದಿ ಕೆಳಗೆ ಇಣುಕುತ್ತದೆ, ಇಡೀ ಲೆಕ್ಕ ಕೆಡುತ್ತದೆ. ಒಳಗಿನ ತಂತಿ ಕಾಣುವ ಪಾರದರ್ಶಕ ಎಲ್ಇಡಿ ಬೇಡ. ಚಿಕ್ಕದು, ಹಾಲುಬಿಳಿ, ಹಳದಿ ಬೆಳಕಿನದು ಹಾಕಿ.

ವೈರು ಹಳೇದಾಗಿದ್ದರೆ ಹಚ್ಚುವ ಮೊದಲೇ ಎಲೆಕ್ಟ್ರಿಷಿಯನ್ ಹತ್ತಿರ ಬದಲಾಯಿಸಿ, ತೆಗೆದ ಹೋಲ್ಡರ್, ಸ್ವಿಚ್ಚುಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಅಲ್ಲೂ ಇಲ್ಲೂ 230 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಊರಿಗೆ ಬರುವಾಗ ಕಂಬವನ್ನು ದೊಡ್ಡ ಪೆಟ್ಟಿಗೆಗೆ ಹಾಕಿ, ಮೂರೂ ಶೇಡನ್ನು ಬೇರೆಬೇರೆ ಬಟ್ಟೆಯಲ್ಲಿ ಸುತ್ತಿ ವಿಮಾನದಲ್ಲಿ ನಿಮ್ಮ ಜೊತೆಯಲ್ಲೇ ಇಟ್ಟುಕೊಳ್ಳಿ.