ಚರ್ಚಿಗೆ ಹೋಗದೆ, ಸಿನಿಮಾ, ಪುಸ್ತಕ, ಚಿತ್ರಗಳ ಮೂಲಕವೇ ಕ್ರೈಸ್ತ ನಂಬಿಕೆ ಅರ್ಥವಾಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಚಿಕ್ಕಮಗಳೂರಿನವರು, ಕ್ರೈಸ್ತರಲ್ಲ. ಕ್ರೈಸ್ತರು ನಿಜಕ್ಕೂ ಏನು ನಂಬುತ್ತಾರೆ ಅಂತ ತಿಳಿಯುವ ಆಸೆ ಇದೆ. ಚರ್ಚಿನ ಗೇಟಿನವರೆಗೂ ಹೋಗಿ, ಮುಜುಗರವಾಗಿ ವಾಪಸ್ ಬಂದಿದ್ದೀರಿ. ಯಾರಾದರೂ ನೋಡಿದರೆ ಮನೆಗೆ ಸುದ್ದಿ ಮುಟ್ಟುತ್ತದೆ ಅನ್ನೋ ಭಯ ಬೇರೆ. ಅದರ ಬದಲು ಒಳ್ಳೆ ಸಿನಿಮಾ, ಕಾದಂಬರಿ, ಚಿತ್ರಗಳನ್ನು ನೋಡಿ, ಯಾರ ಜೊತೆಗಾದರೂ ಅದರ ಬಗ್ಗೆ ಮಾತಾಡಿದರೆ ಆಗುತ್ತಾ ಅಂತ ಕೇಳಿದ್ದೀರಿ.

ನಾನು ಹಾಸನದವನು, ಹುಟ್ಟಾ ಕಥೋಲಿಕ. ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ನಮ್ಮ ನಂಬಿಕೆ ಅಂದರೆ ಏನು ಅಂತ ನನಗೆ ತಿಳಿಸಿಕೊಟ್ಟವರು ಕ್ರೈಸ್ತರಲ್ಲದ ಒಬ್ಬ ಮೇಷ್ಟ್ರು, ಅದೂ ನಾನೇ ಹಾಳು ಮಾಡಿದ ಒಂದು ಚಿತ್ರದ ನೆಪದಲ್ಲಿ. ಹಾಗಾಗಿ ಉತ್ತರಿಸುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಆರೇಳು ವರ್ಷದ ಹಿಂದೆ ಒಂದು ಚರ್ಚಿಗೆ ಗೋಡೆ ಕ್ಯಾಲೆಂಡರ್ ಮಾಡಿಕೊಟ್ಟೆ. ಮೇಲೆ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ಚಿತ್ರ, ದುಂದುಗಾರ ಮಗ ಮನೆಗೆ ವಾಪಸ್ ಬರುವುದು. ಕಾಗದದ ಅಳತೆಗೆ ಚಿತ್ರ ಹೊಂದಲಿಲ್ಲ. ನಾನು ಬಲಗಡೆ ಕತ್ತರಿಸಿ ಕೂರಿಸಿದೆ. ಅಪ್ಪ ಇದ್ದಾನೆ, ಮಗ ಇದ್ದಾನೆ, ಇನ್ನೇನು ಬೇಕು? ಒಂದು ಪ್ರತಿಯನ್ನು ಎರಡು ಮನೆ ಆಚೆ ಇರುವ ಮೇಷ್ಟ್ರಿಗೆ ಕೊಟ್ಟೆ. ನಿವೃತ್ತ ಕನ್ನಡ ಮೇಷ್ಟ್ರು. ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು, ಬೈಬಲ್ಲೂ ಸೇರಿ. ಕನ್ನಡಕ ಏರಿಸಿ ನೋಡಿದವರೇ ಕೇಳಿದರು, "ಹಿರಿಮಗ ಎಲ್ಲಿ ಹೋದನಪ್ಪಾ?"

ನಾನು ತಬ್ಬಿಬ್ಬಾದೆ. ಇದು ಯೇಸು ಹೇಳಿದ ಕಥೆ. ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಕಿರಿಮಗ ಅಪ್ಪ ಬದುಕಿರುವಾಗಲೇ ಪಾಲು ಕೇಳುತ್ತಾನೆ. ತೆಗೆದುಕೊಂಡು ದೂರದ ದೇಶಕ್ಕೆ ಹೋಗಿ ಎಲ್ಲ ಹಾಳು ಮಾಡುತ್ತಾನೆ. ಹಂದಿ ಮೇಯಿಸುವ ಸ್ಥಿತಿಗೆ ಬಂದು, ಆಳಾಗಿಯಾದರೂ ಇರೋಣ ಅಂತ ಮನೆಗೆ ತಿರುಗುತ್ತಾನೆ. ಅಪ್ಪ ದೂರದಿಂದಲೇ ನೋಡಿ ಓಡಿಬಂದು ತಬ್ಬಿಕೊಳ್ಳುತ್ತಾನೆ, ಊಟ ಹಾಕಿಸುತ್ತಾನೆ. ಧರ್ಮೋಪದೇಶದ ಕ್ಲಾಸಿನಲ್ಲಿ ನಮಗೆ ಇಷ್ಟೇ ನೆನಪಿರುವುದು. ಆದರೆ ಬೈಬಲಿನ ಲೂಕನ ಪುಸ್ತಕದಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೊಲದಿಂದ ಬಂದ ಹಿರಿಮಗ ಹಾಡು ಕುಣಿತ ಕೇಳಿ, ಸಿಟ್ಟು ಮಾಡಿಕೊಂಡು ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದಿದ್ದೇನೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅನ್ನುತ್ತಾನೆ. ಅಪ್ಪ ಅವನನ್ನೂ ಒಳಗೆ ಕರೆಯಲು ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ.

ಆವತ್ತು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಪೂರ್ತಿ ಚಿತ್ರ ತೆರೆದೆವು. ನಾನು ಕತ್ತರಿಸಿ ಎಸೆದ ಬಲಭಾಗದಲ್ಲಿ ಕೆಂಪು ನಿಲುವಂಗಿ ತೊಟ್ಟ ಒಬ್ಬ ಎತ್ತರದ ಮನುಷ್ಯ. ಕೈಯಲ್ಲಿ ಕೋಲು. ಮುಂದೆ ಬಾಗುವುದೂ ಇಲ್ಲ, ಹೊರಟೂ ಹೋಗುವುದಿಲ್ಲ. ಅವನನ್ನೇ ಹಿರಿಮಗ ಅನ್ನುತ್ತಾರೆ. ಮೇಷ್ಟ್ರು ತುಂಬಾ ಹೊತ್ತು ಅವನನ್ನೇ ನೋಡುತ್ತಿದ್ದರು. "ನಿಂತಿರೋನು ನಾನೇ ಕಣಯ್ಯಾ" ಅಂದರು.

ಆಮೇಲೆ ತಾವೇ ಹೇಳಿದರು. ಅವರ ತಮ್ಮನೂ ಅಪ್ಪ ಇರುವಾಗಲೇ ಪಾಲು ಮಾಡಿಸಿಕೊಂಡು, ಮಾರಿ, ಬೆಂಗಳೂರಿಗೆ ಹೋದವನು. ಅಪ್ಪ ಹಾಸಿಗೆ ಹಿಡಿದಾಗ ಬರಿಗೈಯಲ್ಲಿ ಬಂದ. "ಅವನಿಗೆ ಮೊದಲು ಬಡಿಸು" ಅಂದರಂತೆ ಅಪ್ಪ. ಅಲ್ಲಿಂದ ಹನ್ನೊಂದು ವರ್ಷ ಮೇಷ್ಟ್ರು ತಮ್ಮನ ಜೊತೆ ಮಾತಾಡಿಲ್ಲ.

ಚಿತ್ರದಲ್ಲಿ ಇನ್ನೆರಡು ವಿಷಯ ನೋಡಿ. ಮೊಣಕಾಲೂರಿದ ಮಗನ ಒಂದು ಕಾಲಿಂದ ಮೆಟ್ಟು ಕಳಚಿ ಬಿದ್ದಿದೆ, ಬರಿಗಾಲಿನ ಅಡಿ ನಮ್ಮ ಕಡೆಗೇ ಇದೆ. ಇನ್ನೊಂದು ಮೆಟ್ಟು ಸವೆದು ಹರಿದಿದೆ. ಎಷ್ಟು ದೂರ ನಡೆದು ಬಂದಿದ್ದಾನೆ ಅಂತ ಬೇರೆ ಹೇಳಬೇಕಿಲ್ಲ. ಎರಡನೆಯದು ಬೆನ್ನ ಮೇಲಿರುವ ಅಪ್ಪನ ಕೈಗಳು. ಒಂದು ಅಗಲವಾಗಿ ಗಟ್ಟಿಯಾಗಿದೆ, ಇನ್ನೊಂದು ಮೆತ್ತಗೆ ತೆಳ್ಳಗಿದೆ. ಒಂದು ಅಪ್ಪಂದು, ಒಂದು ಅಮ್ಮಂದು ಅಂತ ಮೇಷ್ಟ್ರು ಅಂದರು. ಹಾಗೆ ನೋಡಿದವರು ಅವರೊಬ್ಬರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ರೆಂಬ್ರಾಂಟ್ ಇದನ್ನು ಬರೆದಿದ್ದು ಕೊನೆಗಾಲದಲ್ಲಿ. 1656ರಲ್ಲೇ ದಿವಾಳಿಯಾಗಿದ್ದ. 1668ರಲ್ಲಿ ಅವನ ಮಗ ಟೈಟಸ್ ಇಪ್ಪತ್ತಾರನೇ ವಯಸ್ಸಿಗೆ ತೀರಿಕೊಂಡ. ಮುಂದಿನ ವರ್ಷ ಅವನೂ ಹೋದ. ಚಿತ್ರ ಈಗ ರಷ್ಯಾದ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ, ಎಂಟೂವರೆ ಅಡಿ ಎತ್ತರ. ನಾನು ಅದನ್ನು ಒಂದು ಗೇಣಿಗೆ ಇಳಿಸಿ, ಸಾಲದ್ದಕ್ಕೆ ಕತ್ತರಿಸಿಯೂ ಬಿಟ್ಟಿದ್ದೆ.

ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದರಲ್ಲೇ ಇದೆ. "ದೇವರು ಇದ್ದಾನಾ? ಯೇಸು ನಿಜವಾ?" ಅಂತ ನಾವು ಶುರು ಮಾಡಿದ್ದರೆ ಅರ್ಧ ಗಂಟೆಯಲ್ಲಿ ಜಗಳವಾಗಿ ಏಳುತ್ತಿದ್ದೆವು. "ಈ ಚಿತ್ರದಲ್ಲಿ ನೀವು ಎಲ್ಲಿ ನಿಂತಿದ್ದೀರಿ?" ಅಂತ ಕೇಳಿಕೊಂಡಿದ್ದಕ್ಕೆ ಮಾತು ಇನ್ನೂ ನಡೆಯುತ್ತಿದೆ.

ಅಲ್ಲಿಂದ ಮುಂದೆ ತಿಂಗಳ ಎರಡನೇ ಶನಿವಾರ ಸಂಜೆ ಮೇಷ್ಟ್ರ ಮನೆಯಲ್ಲಿ ನಾಲ್ಕೈದು ಜನ ಸೇರುವುದು ರೂಢಿಯಾಯಿತು. ಒಂದು ಸಲ ಸಿನಿಮಾ, ಒಂದು ಸಲ ಪುಸ್ತಕದ ಕೆಲವು ಪುಟ. ಎಲ್ಲವೂ ಸುಗಮ ಅಂದುಕೊಳ್ಳಬೇಡಿ. ಎರಡನೇ ಸಲವೇ ನಾನು ಕೆಡಿಸಿದೆ. ಸಿನಿಮಾ ಮುಗಿದ ತಕ್ಷಣ ಎದ್ದು ನಿಂತು ಕೃಪೆಯ ಬಗ್ಗೆ ಹತ್ತು ನಿಮಿಷ ಪ್ರಸಂಗ ಮಾಡಿದೆ. ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ನೀವು ಯಾರ ಜೊತೆಗಾದರೂ ನೋಡುವುದಾದರೆ ಇಂಥ ನನ್ನಂಥವರನ್ನು ದೂರ ಇಡಿ.

ಆ ಸಿನಿಮಾ 'ಬ್ಯಾಬೆಟ್ಸ್ ಫೀಸ್ಟ್', 1987ರದ್ದು, ಡೆನ್ಮಾರ್ಕಿನದು. ಕಡಲ ತೀರದ ಹಳ್ಳಿಯಲ್ಲಿ ಇಬ್ಬರು ವಯಸ್ಸಾದ ಅಕ್ಕತಂಗಿ, ತೀರಾ ಭಕ್ತಿಯವರು, ಊಟ ಅಂದರೆ ಒಣಮೀನು ಮತ್ತು ಬ್ರೆಡ್ಡಿನ ಗಂಜಿ. ಪ್ಯಾರಿಸಿನ ಗಲಭೆಯಿಂದ ತಪ್ಪಿಸಿಕೊಂಡು ಬಂದ ಬ್ಯಾಬೆಟ್ ಅವರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಅವಳಿಗೆ ಲಾಟರಿಯಲ್ಲಿ 10,000 ಫ್ರಾಂಕ್ ಬರುತ್ತದೆ. ಹನ್ನೆರಡು ಜನಕ್ಕೆ ಒಂದು ಊಟ ಮಾಡಿಸುತ್ತೇನೆ ಅನ್ನುತ್ತಾಳೆ. ಊರವರು ಇದು ಪಾಪದ ಊಟ ಅಂತ ಹೆದರಿ, ತಿನ್ನುತ್ತೇವೆ ಆದರೆ ರುಚಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ. ಊಟ ಸಾಗಿದ ಹಾಗೆ ಹಳೇ ಜಗಳಗಳೆಲ್ಲ ಕರಗುತ್ತವೆ. ಕೊನೆಗೆ ಗೊತ್ತಾಗುತ್ತದೆ, ಅವಳು ಅಷ್ಟೂ ದುಡ್ಡನ್ನು ಆ ಒಂದು ಊಟಕ್ಕೇ ಸುರಿದಿದ್ದಾಳೆ.

ನಮ್ಮ ಗುಂಪಿನಲ್ಲಿ ಊಟದ ಮೆಸ್ ನಡೆಸುವವರೊಬ್ಬರಿದ್ದಾರೆ. ಅವರಿಗೆ ತಡೆಯಲಾಗಲಿಲ್ಲ. "ಹನ್ನೆರಡು ಎಲೆಗೆ ಹತ್ತು ಸಾವಿರಾನಾ? ಹುಚ್ಚಾ ಅವಳಿಗೆ?" ಆಮೇಲೆ ಸ್ವಲ್ಪ ಸುಮ್ಮನಿದ್ದು, "ಅವಳು ಒಂದು ಸಲಾನೂ ಅಡುಗೆಮನೆಯಿಂದ ಹೊರಗೆ ಬಂದು ಹೆಂಗಿದೆ ಅಂತ ಕೇಳಲಿಲ್ಲ, ನೋಡಿದ್ರಾ?" ಅಂದರು. ನನ್ನ ಹತ್ತು ನಿಮಿಷದ ಪ್ರಸಂಗಕ್ಕಿಂತ ಆ ಮಾತು ವಾಸಿ. ನಾನು ವಾರಕ್ಕೆ ಹತ್ತು ಮದುವೆ ಕಾಗದದ ಮೇಲೆ 'ಕೃಪೆಯಿಂದ' ಅಂತ ಅಚ್ಚು ಹಾಕುವವನು. ಆ ಪದ ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಕೃಪೆ ಅಂದರೆ ಲೆಕ್ಕ ಇಡದೆ ಕೊಡುವುದು, ತಿಂದವನಿಗೆ ಬೆಲೆ ಗೊತ್ತಿಲ್ಲದಿದ್ದರೂ ಕೊಡುವುದು. ಮೆಸ್ಸಿನವರಿಗೆ ಅದು ಲೆಕ್ಕದ ಕಡೆಯಿಂದಲೇ ಹೊಳೆಯಿತು. ಬೈಬಲಿನಲ್ಲಿ ಒಬ್ಬಳು ಹೆಂಗಸು ದುಬಾರಿ ಸುಗಂಧ ತೈಲವನ್ನು ಯೇಸುವಿನ ಮೇಲೆ ಸುರಿಯುತ್ತಾಳೆ. 300 ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಅಂತ ಪಕ್ಕದವರು ಗೊಣಗುತ್ತಾರೆ. ಹೆಚ್ಚುಕಮ್ಮಿ ಒಂದು ವರ್ಷದ ಕೂಲಿ ಅದು. ಅದನ್ನು ಓದಿದಾಗ ಮೆಸ್ಸಿನವರು ನಕ್ಕರು, "ಓ, ಗೊಣಗೋರು ಆವಾಗ್ಲೂ ಇದ್ರಾ" ಅಂತ.

'ನಾನು ಕ್ರೈಸ್ತನಲ್ಲ, ನನಗೇನು ಅಧಿಕಾರ' ಅನ್ನೋ ಸಂಕೋಚ ಬಿಡಿ. ಯೇಸುವಿನ ಕೊನೆಯ ದಿನದ ಬಗ್ಗೆ ಕನ್ನಡದಲ್ಲಿ ಖಂಡಕಾವ್ಯ ಬರೆದವರು ಮಂಜೇಶ್ವರದ ಗೋವಿಂದ ಪೈ. 'ಗೊಲ್ಗೊಥಾ' ಅಂತ ಅದರ ಹೆಸರು. ಅವರು ಕ್ರೈಸ್ತರಲ್ಲ. ಅದೇ ಕವಿ ಬುದ್ಧನ ಕೊನೆಯ ದಿನದ ಬಗ್ಗೆಯೂ ಬರೆದರು. ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಮತ್ತಾಯನ ಶುಭಸಂದೇಶವನ್ನು 1964ರಲ್ಲಿ ಕಪ್ಪುಬಿಳುಪಿನಲ್ಲಿ ಸಿನಿಮಾ ಮಾಡಿದ ಇಟಲಿಯ ಪಸೊಲಿನಿ ನಾಸ್ತಿಕ, ಮಾರ್ಕ್ಸ್‌ವಾದಿ. ವಯಸ್ಸಾದ ಮರಿಯಮ್ಮನ ಪಾತ್ರಕ್ಕೆ ತನ್ನ ತಾಯಿಯನ್ನೇ ನಿಲ್ಲಿಸಿದ. ಶಿಲುಬೆಯ ಕೆಳಗೆ ಆ ಮುಖ ನೋಡಿ, ಬೇರೆ ಮಾತು ಬೇಡ.

ಇನ್ನು ಕಷ್ಟದ ಪ್ರಶ್ನೆಗೆ ಬರುತ್ತೇನೆ. ಜಪಾನಿನ ಕಥೋಲಿಕ ಲೇಖಕ ಶುಸಾಕು ಎಂಡೊ ಅವರ ಕಾದಂಬರಿ 'ಸೈಲೆನ್ಸ್' 1966ರಲ್ಲಿ ಬಂತು, 2016ರಲ್ಲಿ ಸ್ಕಾರ್ಸೇಸಿ ಸಿನಿಮಾ ಮಾಡಿದರು. ಹದಿನೇಳನೇ ಶತಮಾನದ ಜಪಾನಿನಲ್ಲಿ ಕ್ರೈಸ್ತರನ್ನು ಹಿಡಿದು, ಕ್ರಿಸ್ತನ ಮುಖದ ಫಲಕವನ್ನು ನೆಲದ ಮೇಲಿಟ್ಟು, ತುಳಿ ಅನ್ನುತ್ತಿದ್ದರು. ತುಳಿದರೆ ಬಿಡುಗಡೆ, ಇಲ್ಲದಿದ್ದರೆ ಹಿಂಸೆ. ಪಾದ್ರಿ ತುಳಿಯದಿದ್ದರೆ ಹಿಂಸೆ ಅವನಿಗಲ್ಲ, ಅವನ ಜನಕ್ಕೆ. ದೇವರು ಮಾತ್ರ ಸುಮ್ಮನಿದ್ದಾನೆ. ಇದರಲ್ಲಿ ಕಿಚಿಜಿರೊ ಅಂತ ಒಬ್ಬ ಹೇಡಿ ಇದ್ದಾನೆ. ಪ್ರತಿ ಸಲವೂ ತುಳಿಯುತ್ತಾನೆ, ಪ್ರತಿ ಸಲವೂ ತೆವಳಿಕೊಂಡು ಬಂದು ಪಾಪನಿವೇದನೆ ಕೇಳಿಸಿಕೊಳ್ಳಿ ಅನ್ನುತ್ತಾನೆ. ನೋಡುವವರಿಗೇ ರೇಗುತ್ತದೆ. ಮಾತು ಶುರುವಾದಾಗ ಎಲ್ಲರೂ ಅವನನ್ನೇ ಬೈದರು. ಆಮೇಲೆ ಒಬ್ಬೊಬ್ಬರಾಗಿ ತಣ್ಣಗಾದರು.

ನನಗೆ ಅವತ್ತು ನೆನಪಾಗಿದ್ದು ನಮ್ಮಜ್ಜಿ. ಅವಳ ತವರು ಶೆಟ್ಟಿಹಳ್ಳಿ ಕಡೆ. ಅಲ್ಲಿಯ ಚರ್ಚನ್ನು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಖಾಲಿಯಾಯಿತು. ಮಳೆಗಾಲದಲ್ಲಿ ನೀರು ಚರ್ಚಿನ ಒಳಗೇ ನಿಲ್ಲುತ್ತದೆ. ಚಿಕ್ಕವನಿದ್ದಾಗ ಕೇಳಿದ್ದೆ, "ಅಜ್ಜಿ, ದೇವರ ಮನೇನೇ ಮುಳುಗಿದ್ರೂ ದೇವರು ಯಾಕೆ ತಡೀಲಿಲ್ಲ?" ಅವಳು ಏನೂ ಹೇಳಲಿಲ್ಲ. ಜಪಸರ ಎಣಿಸುತ್ತಾ ಕೂತಿದ್ದಳು. ಅದು ಉತ್ತರ ಗೊತ್ತಿಲ್ಲದ ಮೌನ ಅಂತ ಮೂವತ್ತು ವರ್ಷ ನಂಬಿದ್ದೆ. ಸಿನಿಮಾ ನೋಡಿದ ಮೇಲೆ ಅಷ್ಟು ಖಾತ್ರಿ ಇಲ್ಲ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವಳ ಬೈಬಲ್ ಅಂದರೆ ಚರ್ಚಿನ ಗೋಡೆಯ ಮೇಲಿನ ಶಿಲುಬೆಯ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯ, ಹದಿನಾಲ್ಕು ಚಿತ್ರ. ಮೂರನೇದು, ಏಳನೇದು, ಒಂಬತ್ತನೇದರಲ್ಲಿ ಯೇಸು ಸ್ವಾಮಿ ಬೀಳುತ್ತಾರೆ. ಆರನೇದರಲ್ಲಿ ವೆರೋನಿಕ ಅನ್ನುವ ಹೆಂಗಸು ಅವರ ಮುಖ ಒರೆಸುತ್ತಾಳೆ. ಅಜ್ಜಿ ಅಲ್ಲಿ ತನ್ನ ಸೆರಗನ್ನು ಸುಮ್ನೆ ಒಮ್ಮೆ ಹಿಡಿದು ಬಿಡುತ್ತಿದ್ದಳು. ತಮಾಷೆ ಅಂದರೆ, ಆ ಮೂರು ಸಲ ಬೀಳುವುದೂ ವೆರೋನಿಕಳೂ ಬೈಬಲಿನಲ್ಲಿ ಇಲ್ಲ. ಜನರ ಭಕ್ತಿ, ಚಿತ್ರ, ಪ್ರಾರ್ಥನೆಯಲ್ಲಿ ಬೆಳೆದು ಬಂದಿದ್ದು.

ಹಾಗಾಗಿ ಚಿತ್ರದಿಂದ ನಂಬಿಕೆಗೆ ಬರುವುದು ಅಡ್ಡದಾರಿ ಏನಲ್ಲ. ಮಂಗಳೂರಿಗೆ ಹೋದರೆ ಸಂತ ಅಲೋಶಿಯಸ್ ಚಾಪೆಲ್ ನೋಡಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಿಂದ 1901ರೊಳಗೆ ಅದರ ಗೋಡೆ, ಮಾಳಿಗೆ ಎಲ್ಲ ಚಿತ್ರ ಬರೆದು ತುಂಬಿಸಿದರು. ಕತ್ತು ನೋಯುತ್ತದೆ, ಹೇಳಿರುತ್ತೇನೆ.

ಆದರೆ ನನಗೆ ಒಂದು ತಕರಾರು ಇದೆ. ಶೆಟ್ಟಿಹಳ್ಳಿಗೆ ಈಗ ಫೋಟೊ ತೆಗೆಯಲು ಜನ ಬರುತ್ತಾರೆ, ಮದುವೆಗೆ ಮುಂಚಿನ ಫೋಟೊ ಕೂಡ. ಚಾವಣಿ ಇಲ್ಲದ ಕಮಾನು, ಸುತ್ತ ನೀರು, ಚೆನ್ನಾಗಿ ಬರುತ್ತದೆ. ಬೇಡ ಅನ್ನಲ್ಲ. ಅಲ್ಲಿ ಮಂಡಿಯೂರಿದ್ದ ಜನ ಆ ಫೋಟೊದಲ್ಲಿ ಇರುವುದಿಲ್ಲ, ಅಷ್ಟೇ. ಬರೀ ಸಿನಿಮಾ, ಪುಸ್ತಕದಿಂದ ತಿಳಿದುಕೊಂಡರೆ ನಿಮ್ಮ ಕೈಗೂ ಅಂಥದ್ದೇ ಫೋಟೊ ಸಿಗಬಹುದು. ಆದ್ದರಿಂದ ಧೈರ್ಯ ಬಂದಾಗ ಒಂದು ಸಲ ಹೋಗಿ. ನಿಮ್ಮೂರಿನಲ್ಲೇ ಸಂತ ಜೋಸೆಫರ ಪ್ರಧಾನಾಲಯ ಇದೆ. ತಪಸ್ಸು ಕಾಲದ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳ, ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಇರುತ್ತದೆ, ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಭಾನುವಾರದ ಪೂಜೆಗೆ ಹೋದರೆ ಪರಮಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ. ಹೆಸರಲ್ಲಿ ಪ್ರಸಾದ ಇದ್ದರೂ ಅದು ಬಂದವರಿಗೆಲ್ಲ ಹಂಚುವಂಥದ್ದಲ್ಲ. ಕೂತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲು ಮಾತ್ರ ಲೂಕ 15ನೇ ಅಧ್ಯಾಯದ 11ರಿಂದ 32ನೇ ವಚನ ಓದಿ. ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಓದಿ, ಆ ಚಿತ್ರ ತೆರೆದು, ನಿಮ್ಮನ್ನು ರೇಗಿಸದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಕ್ರೈಸ್ತರೇ ಆಗಿರಬೇಕು ಅಂತೇನಿಲ್ಲ.

ಹೋದ ವರ್ಷ ಅದೇ ಚರ್ಚಿನವರು ಮತ್ತೆ ಕ್ಯಾಲೆಂಡರ್ ಕೇಳಿದರು. ತಾರೀಕಿನ ಚೌಕಗಳನ್ನು ಚಿಕ್ಕದು ಮಾಡಿ, ಚಿತ್ರ ಪೂರ್ತಿ ಬಿಟ್ಟೆ. ತಾರೀಕು ಕಾಣಲ್ಲ ಅಂತ ಬೈಸಿಕೊಂಡೆ. ಮೇಷ್ಟ್ರು ಬಂದು ಎರಡು ಪ್ರತಿ ಒಯ್ದರು. ಎರಡನೇದು ಯಾರಿಗೆ ಅಂತ ನಾನು ಕೇಳಲಿಲ್ಲ.