ಎರಡನೆಯ ಪರದೆ

ಸಿದ್ದಾಪುರ ಕಡೆಯ ಶಿಕ್ಷಕಿಯೊಬ್ಬರ ಪತ್ರ: ‘ನಮ್ಮದು ಇಬ್ಬರೇ ಶಿಕ್ಷಕರ ಶಾಲೆ. ಸ್ಮಾರ್ಟ್ ಕ್ಲಾಸ್ ಬಂದರೆ ಕೆಲಸ ಹಗುರವಾಗುತ್ತದೆ ಎಂದುಕೊಂಡಿದ್ದೆ. ಈಗ ರಾತ್ರಿ ಹತ್ತಕ್ಕೂ ಮೊಬೈಲಿನಲ್ಲಿ ಮಾಹಿತಿ ತುಂಬುತ್ತಿರುತ್ತೇನೆ. ನಿದ್ದೆ ಬರುವುದಿಲ್ಲ. ವಯಸ್ಸಾಯಿತು, ಇದು ನನ್ನ ಕೈಲಾಗದು ಅನಿಸುತ್ತದೆ.’

ಅಕ್ಕೋರೇ, ಕೊನೆಯ ಸಾಲನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರಿಸಿಕೊಂಡು ಕಲಿಸುವವರಿಗೆ ಒಂದು ಮೊಬೈಲು ಮೀರಿತೇ? ಊರವರ ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಪರದೆಯಿಂದ ಪ್ರಯೋಜನವಿದೆ. ಹೃದಯ ಬಡಿಯುವುದನ್ನು ಮಕ್ಕಳಿಗೆ ತೋರಿಸಲು ಕಪ್ಪುಹಲಗೆಯ ಚಿತ್ರಕ್ಕಿಂತ ವಿಡಿಯೊ ಮೇಲು. ಆದರೆ ಮಕ್ಕಳಿಗೆ ಪಾಠ ತೋರಿಸುವ ಪರದೆ ಒಂದು, ಮೇಲಿನವರಿಗೆ ಲೆಕ್ಕ ಒಪ್ಪಿಸುವ ಪರದೆ ಇನ್ನೊಂದು. ನಿಮ್ಮ ನಿದ್ದೆ ಕೆಡಿಸಿದ್ದು ಎರಡನೆಯದು. ಮಕ್ಕಳ ಕಲಿಕೆಯ ವಿವರ ತುಂಬುವ ಎಸ್‌ಎಟಿಎಸ್, ಶಾಲೆಯ ಅಂಕಿಅಂಶ ತುಂಬುವ ಯು-ಡೈಸ್, ಬಿಸಿಯೂಟದ ಲೆಕ್ಕ. ಅದರ ಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಂದೇ ಕಳಿಸಿ’.

ಹೋದ ಮಳೆಗಾಲದಲ್ಲಿ ಘಟ್ಟದ ಮೇಲಿನ ಶಾಲೆಯೊಂದಕ್ಕೆ ಹೋಗಿದ್ದೆ. ಕರೆಂಟು ಹೋಗಿ ನೆಟ್‌ವರ್ಕೂ ಹೋಗಿತ್ತು. ಮಕ್ಕಳು ಉಂಡದ್ದರ ಲೆಕ್ಕ ಕಳಿಸಲು ಮಾಸ್ತರು ಕೊಡೆ ಹಿಡಿದು ಗುಡ್ಡ ಹತ್ತಿದ್ದರು. ಒಳಗೆ ಚಿಕ್ಕವರು ನಲಿಕಲಿ ಕಾರ್ಡು ಹಿಡಿದು ಕಾಯುತ್ತಿದ್ದರು. ತೊಯ್ದು ಇಳಿದು ಬಂದ ಮಾಸ್ತರು, ‘ಹೋಗಲಿಲ್ಲ, ಸಂಜೆ ಮತ್ತೆ ಹತ್ತಬೇಕು’ ಎಂದರು. ಆ ಮುಖ ಇನ್ನೂ ಕಣ್ಣಮುಂದಿದೆ.

ಕೆಲಸದ ಒತ್ತಡದಲ್ಲಿ ಬಸವಳಿದು ಹೋಗುವುದಕ್ಕೆ ‘ಬರ್ನ್‌ಔಟ್’ ಎನ್ನುತ್ತಾರೆ. ಅದರ ಕುರಿತು 1974ರಲ್ಲಿ ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾಯ್ಡನ್‌ಬರ್ಗರ್, ಮನಸ್ಸಿಟ್ಟು ದುಡಿಯುವವರೇ ಇದಕ್ಕೆ ಬೇಗ ತುತ್ತಾಗುತ್ತಾರೆ ಎಂದಿದ್ದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದರ ಮೂರು ಲಕ್ಷಣ ಹೇಳಿತು: ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ನಿಮ್ಮ ಕೊನೆಯ ಸಾಲು ಆ ಮೂರನೆಯದೇ. ಅದರ ಮೂಲ ಕೆಲಸದಲ್ಲಿದೆ ಎಂದು ಆ ಸಂಸ್ಥೆ ಹೇಳಿದೆ, ವಯಸ್ಸಿನ ಮಾತನ್ನು ಎತ್ತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಮಾಹಿತಿ ತುಂಬುವುದೂ ಶಾಲೆಯದೇ ಕೆಲಸವೆಂದು ಹೆಸರಿಟ್ಟರೆ ಆ ಕಲಮಿಗೆ ಏನು ಬೆಲೆ? ನೀವೊಬ್ಬರೇ ಅಲ್ಲ. ಅಂಗನವಾಡಿ ಅಕ್ಕೋರಿಗೆ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್, ಉದ್ಯೋಗ ಖಾತರಿಯಲ್ಲಿ ಮಣ್ಣು ಹೊತ್ತವರಿಗೆ ಹಾಜರಿಗೆಂದು ದಿನಕ್ಕೆರಡು ಫೋಟೊ. ಹಳ್ಳಿಯಲ್ಲಿ ದುಡಿಯುವವರ ಮಾತಿಗೆ ಬೆಲೆಯಿಲ್ಲದೆ ಹೋದದ್ದು ನನಗೆ ಸಂಕಟ ತರುತ್ತದೆ. ನಮ್ಮ ಮಾಸ್ತರು ಶಾಲೆಗೆ ಬಂದರೆನ್ನಲು ಇಡೀ ಕೇರಿಯೇ ಸಾಕ್ಷಿಯಿತ್ತು.

ಒಂದು ವಾರ ಗಡಿಯಾರ ನೋಡಿ, ಪಾಠಕ್ಕೆ ಎಷ್ಟು ಹೊತ್ತು, ಮೊಬೈಲಿಗೆ ಎಷ್ಟು ಹೊತ್ತು ಎಂದು ಬರೆದಿಡಿ. ಹೆಸರು ಹಾಕದೆ ಅಚ್ಚು ಮಾಡುತ್ತೇನೆ. ಅಂಚೆಯಲ್ಲಿ ಕಳಿಸಿದರೆ ಸಾಕು.