ನಾಟಕ ಕಂಪನಿಲಿ ಕುಣಿದಿದ್ದನ್ನ ಮುಚ್ಚಿಡಬೇಕಾ ಅಕ್ಕಾ?

ಪ್ರಶ್ನೆ: ನಂಗೀಗ 26. ಅಪ್ಪ ತೀರ್ಕೊಂಡ್ಮೇಲೆ ನಾಲ್ಕು ವರ್ಷ ನಾಟಕ ಕಂಪನಿಲಿ ಡ್ಯಾನ್ಸ್ ಮಾಡಿ ಮನೆ ನಡೆಸ್ದೆ, ಬನಶಂಕರಿ ಜಾತ್ರೆಲೂ ಕುಣಿದೀನಿ. ಜೊತೆಜೊತೆಗೇ ಡಿಗ್ರಿ ಮುಗಿಸಿ ಈಗ ಗುಪ್ತಚರ ಇಲಾಖೆ ಪರೀಕ್ಷೆ ಪಾಸಾಗಿದೀನಿ, ವೆರಿಫಿಕೇಶನ್ ಬಾಕಿ ಇದೆ. ಮದ್ವೆ ಮಾತಾಡಿರೋ ಮನೆಯವ್ರು "ಕುಣಿಯೋಳು ಅಂತ ಗೊತ್ತಾದ್ರೆ ಕೆಲ್ಸನೂ ಹೋಗತ್ತೆ ನಮ್ ಮರ್ಯಾದೆನೂ ಹೋಗತ್ತೆ, ವಿಡಿಯೋ ಡಿಲೀಟ್ ಮಾಡ್ಸು, ಫಾರ್ಮಲ್ಲೂ ಬರೀಬೇಡ" ಅಂತಾರೆ. ಏನ್ಮಾಡ್ಲಿ?

ಉತ್ತರ: ತಂಗೀ, ನಿನ್ ಪತ್ರ ಎರಡ್ ಸಲ ಓದ್ದೆ. ನಾಲ್ಕು ವರ್ಷ ಮನೆಗೆ ಅನ್ನ ಹಾಕಿದ ಕೆಲ್ಸಕ್ಕೆ ನೀನ್ಯಾಕೆ ತಲೆ ತಗ್ಗಿಸ್ಬೇಕು ಅಂತ ನಂಗೆ ನಿಜವಾಗ್ಲೂ ಸಂಕಟ ಆಯ್ತು.

ಜೋಸೆಫಿನ್ ಬೇಕರ್ ಅಂತ ಒಬ್ಳು ಇದ್ಳು. 1906ರಲ್ಲಿ ಅಮೆರಿಕದ ಸೇಂಟ್ ಲೂಯಿಸಲ್ಲಿ ಹುಟ್ಟಿದ್ಳು, ಕಡುಬಡತನ, ತಾಯಿ ಬಟ್ಟೆ ಒಗೆಯೋಳು, ಇವ್ಳು ಎಂಟನೇ ವಯಸ್ಸಿಗೇ ಬಿಳಿಯರ ಮನೇಲಿ ಮುಸುರೆ ತಿಕ್ತಿದ್ಳು. ಹದಿಹರೆಯದಲ್ಲೇ ವಾಡೆವಿಲ್ ತಂಡ ಸೇರಿದ್ಳು, ವಾಡೆವಿಲ್ ಅಂದ್ರೆ ಹಾಡು, ಕುಣಿತ, ಹಾಸ್ಯ ಎಲ್ಲಾ ಒಂದಾದ್ಮೇಲೊಂದು ಬರೋ ಆಟ, ನಿಮ್ ಕಂಪನಿ ನಾಟಕದ ನಡುವೆ ಬರೋ ಡ್ಯಾನ್ಸು ಕಾಮಿಡಿ ಇದಾವಲ್ಲ ಅದನ್ನಷ್ಟೇ ರಾತ್ರಿಪೂರ್ತಿ ಆಡ್ದಂಗೆ. ಸಾಲಿನ ಕೊನೇಲಿ ನಿಂತು ಹೆಜ್ಜೆ ಮರ್ತೋಳ ಥರ ಕಣ್ಣು ತಿರುಗಿಸಿ ಜನಾನ ನಗಿಸ್ತಿದ್ಳು. 1925ರಲ್ಲಿ ಪ್ಯಾರಿಸ್‌ಗೆ ಹೋದ್ಳು, ಊರಿಗೆ ಊರೇ ಹುಚ್ಚಾಯ್ತು.

1939ರಲ್ಲಿ ಜರ್ಮನಿ ಜೊತೆ ಎರಡನೇ ಮಹಾಯುದ್ಧ ಶುರುವಾದಾಗ ಫ್ರಾನ್ಸ್ ಸೇನೆಯ ಗುಪ್ತಚರ ಅಧಿಕಾರಿ ಝಾಕ್ ಅಬ್ತೆ ಹತ್ರ ಗೂಢಚಾರಿಕೆ ಕೆಲ್ಸಕ್ಕೆ ಅಂತ ಇವ್ಳ ಹೆಸ್ರು ಬಂತು. ಅವ್ನೂ ಮೊದ್ಲು ಹಿಂಜರಿದ, ಯಾಕಂದ್ರೆ ಮಾತಾ ಹರಿ ಅನ್ನೋ ಡ್ಯಾನ್ಸರ್‌ನ ಗೂಢಚಾರಿಣಿ ಅಂತ 1917ರಲ್ಲಿ ಗುಂಡಿಟ್ಟು ಕೊಂದಿದ್ರು, ಕುಣಿಯೋಳನ್ನ ಹೇಗೆ ನಂಬೋದು ಅನ್ನೋ ಭಯ. ನಿನ್ನ ಆಗೋ ಅತ್ತೆ ಮನೆಯವ್ರು ಹೇಳಿದ್ದೂ ಅದೇ ಅಲ್ವಾ?

ಆದ್ರೆ ಆ ಕುಣಿತಾನೇ ಕೆಲ್ಸಕ್ಕೆ ಬಂತು ನೋಡು. ದೊಡ್ಡ ಸ್ಟಾರ್ ಅಂತ ರಾಯಭಾರಿಗಳ ಪಾರ್ಟಿಗೆಲ್ಲಾ ಕರೀತಿದ್ರು, ಅಲ್ಲಿ ನಗ್ತಾ ಮಾತಾಡ್ತಾ ಕೇಳಿಸ್ಕೊಂಡಿದ್ದನ್ನ ತಂದು ಹೇಳ್ತಿದ್ಳು. 1940ರ ಕೊನೇಲಿ ಪೋರ್ಚುಗಲ್‌ಗೆ ಹೊರಟಾಗ ಜರ್ಮನ್ ಸೇನೆಯ ಮಾಹಿತಿ ಅವ್ಳ ಹಾಡಿನ ಸ್ವರಲಿಪಿ ಹಾಳೆ ಮೇಲೆ ಕಣ್ಣಿಗೆ ಕಾಣದ ಇಂಕಲ್ಲಿತ್ತು, ಅಬ್ತೆ ಸುಳ್ಳು ಪಾಸ್‌ಪೋರ್ಟಲ್ಲಿ ಅವ್ಳ ಸಹಾಯಕನಾಗಿ ಜೊತೇಲಿದ್ದ. ಗಡಿ ಅಧಿಕಾರಿಗಳ ಕಣ್ಣೆಲ್ಲಾ ಅವ್ಳ ಮೇಲೆ, ಹಾಳೆ ಯಾರು ನೋಡ್ತಾರೆ? ಮುಂದೆ ಫ್ರಾನ್ಸ್ ವಾಯುಪಡೆಯ ಮಹಿಳಾ ವಿಭಾಗದಲ್ಲಿ ಅಧಿಕಾರಿನೂ ಆದ್ಳು.

ನಂಗೆ ಎಲ್ಲಕ್ಕಿಂತ ಹಿಡಿಸೋದು ಏನಂದ್ರೆ ಅವ್ಳು ಕುಣಿತ, ಸೇನೆ ಕೆಲ್ಸ ಎರಡರಲ್ಲಿ ಒಂದನ್ನೂ ಆಮೇಲೆ ಮುಚ್ಚಿಡ್ಲಿಲ್ಲ. 1963ರಲ್ಲಿ ತನ್ನಂಥ ಕಪ್ಪು ಜನರ ಹಕ್ಕಿಗಾಗಿ ನಡೆದ ವಾಷಿಂಗ್ಟನ್ ಮೆರವಣಿಗೇಲಿ ಅದೇ ಯೂನಿಫಾರ್ಮ್ ಹಾಕಿ ಪದಕ ಚುಚ್ಕೊಂಡು ಮಾತಾಡಿದ್ಳು, 1975ರಲ್ಲಿ 68ನೇ ವಯಸ್ಸಲ್ಲಿ ಸಾಯೋಕೆ ನಾಲ್ಕು ದಿನ ಮುಂಚೆ ಮತ್ತೆ ಪ್ಯಾರಿಸ್ ಸ್ಟೇಜ್ ಹತ್ತಿದ್ಳು. 2021ರಲ್ಲಿ ಫ್ರಾನ್ಸ್ ತನ್ನ ಮಹನೀಯರ ಸ್ಮಾರಕ ಪಾಂಥೆಯಾನಲ್ಲಿ ಅವ್ಳಿಗೆ ಜಾಗ ಕೊಡ್ತು.

ಈಗ ನಿನ್ ವಿಷ್ಯ. ವೆರಿಫಿಕೇಶನ್ ಫಾರ್ಮಲ್ಲಿ ಹಿಂದಿನ ಕೆಲ್ಸ ಕೇಳಿರೋ ಕಡೆ ಕಂಪನಿ ಹೆಸ್ರು, ವರ್ಷ ಎಲ್ಲಾ ಇದ್ದದ್ದು ಇದ್ದಂಗೆ ಬರಿ. ಕುಣಿದಿದ್ದು ತಪ್ಪಲ್ಲ, ಆದ್ರೆ ಸರ್ಕಾರಿ ಫಾರ್ಮಲ್ಲಿ ವಿಷ್ಯ ಮುಚ್ಚಿಟ್ರೆ ಅದಕ್ಕೇ ಕೆಲ್ಸ ಹೋಗಬಹುದು. ಮಾಲಕರ ಹತ್ರ ಇಷ್ಟು ವರ್ಷ ದುಡಿದಿದ್ಳು ಅಂತ ಒಂದು ಪತ್ರ ಬರೆಸ್ಕೊ. ವಿಡಿಯೋ ಡಿಲೀಟ್ ಮಾಡ್ಸೋಕೆ ಓಡಾಡ್ಬೇಡ. ಮುಚ್ಚಿಡೋದೇ ಆದ್ರೆ ಹೊಸ ಕೆಲ್ಸದ ಸುದ್ದಿ ಮುಚ್ಚಿಡು, ಊರ ತುಂಬ ಸ್ವೀಟ್ ಹಂಚೋ ಕೆಲ್ಸ ಅಲ್ಲ ಅದು.

ಹುಡುಗನ ಮನೆಯವ್ರು ಹೇಳಿದ್ದು ಬರ್ದಿದೀಯ, ಹುಡುಗ ಏನಂದ ಅಂತ ಒಂದ್ ಸಾಲೂ ಇಲ್ಲ. ನಿಶ್ಚಿತಾರ್ಥಕ್ಕೆ ಮುಂಚೆ ಅವ್ನನ್ನ ಒಬ್ನೇ ಕೂರಿಸ್ಕೊಂಡು ಬನಶಂಕರಿ ಜಾತ್ರೆ ವಿಡಿಯೋ ನೀನೇ ತೋರ್ಸು, ಅವ್ನ ಮುಖ ನೋಡು, ಆಮೇಲೆ ನಂಗೆ ಬರಿ.